ಅವಳ ಪಕ್ಕದಲ್ಲಿ ಕೂರುವವರು ಯಾರು?

(ಆಸ್ಪರಿಯಲ್ಲಿ ಸೇರಿದ್ದ ದುಡಿಯುವ ಕುಟುಂಬಗಳ ಕೂಟದಲ್ಲಿ ಉಪದೇಶಿಯೊಬ್ಬರು ಆಡಿದ ಮಾತುಗಳು. ತೋಟದ ಲೈನುಗಳಲ್ಲಿರುವ ನಮ್ಮ ಓದುಗರಿಗಾಗಿ ಇಲ್ಲಿ ಅಚ್ಚು ಮಾಡಿದ್ದೇವೆ.)



ಕೂಲಿ ಮುಗಿಸಿ, ಒಲೆ ಹಚ್ಚುವ ಹೊತ್ತಿನಲ್ಲಿ ನೀವು ಇಲ್ಲಿಗೆ ಬಂದು ಕೂತಿದ್ದೀರಿ. ಆದ್ದರಿಂದ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ನಮ್ಮಲ್ಲಿ ಕೆಲವರು ಗುಂಟೂರಿನ ಮೆಣಸಿನಕಾಯಿ ಸುಗ್ಗಿಯಿಂದ ಮೊನ್ನೆ ತಾನೆ ತಿರುಗಿ ಬಂದವರು. ಕೆಲವರು ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುವವರು. ಇನ್ನು ಕೆಲವರು ಕಾಫಿ ಹಣ್ಣು ಕೊಯ್ಯಲು ಮಲೆನಾಡಿನ ತೋಟಗಳಿಗೆ ಹೋಗಿ, ಅಲ್ಲೇ ಲೈನಿನಲ್ಲಿ ನೆಲೆ ನಿಂತು, ಹಬ್ಬಕ್ಕೆಂದು ಊರಿಗೆ ಬಂದವರು. ಎಲ್ಲಿ ದುಡಿದರೂ ನಮ್ಮ ಬದುಕು ಒಂದೇ. ಈ ಹೊತ್ತು ನಾವು ಎತ್ತಿಕೊಂಡಿರುವ ವಿಷಯವೂ ಎಲ್ಲಾ ಕಡೆ ಇರುವಂಥದ್ದೇ.

ವಿಷಯ ಎಚ್.ಐ.ವಿ. ಹೆಸರು ಕೇಳಿದ ಕೂಡಲೇ ಹಿಂದಿನ ಸಾಲಿನ ನಾಲ್ಕು ಜನ ತಲೆ ತಗ್ಗಿಸಿದ್ದನ್ನು ಕಂಡೆವು. ಹೆದರಬೇಡಿರಿ. ಇಲ್ಲಿ ಯಾರನ್ನೂ ಕೈ ಎತ್ತಿರಿ ಎಂದು ಕೇಳುವುದಿಲ್ಲ, ಯಾರ ಮುಖವನ್ನೂ ನೋಡಿ ಮಾತಾಡುವುದಿಲ್ಲ. ಹಾಗೆ ಮಾಡಿ ನಾವೇ ಒಮ್ಮೆ ದೊಡ್ಡ ತಪ್ಪು ಮಾಡಿದ್ದೇವೆ. ಆ ತಪ್ಪನ್ನು ಮೊದಲು ಒಪ್ಪಿಕೊಂಡು, ಆಮೇಲೆ ಉಳಿದ ಮಾತಿಗೆ ಹೋಗುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕಡೆಯ ಒಂದು ಹಳ್ಳಿಯ ತಂಗಿ, ಹೆಸರು ಬೇಡ, ಗಂಡನ ಜೊತೆ ವರ್ಷ ವರ್ಷ ಸುಗ್ಗಿಗೆ ಹೋಗುತ್ತಿದ್ದಳು. ಗಂಡ ಕಾಯಿಲೆ ಬಿದ್ದ. ಜ್ವರ, ಭೇದಿ, ಕೆಮ್ಮು. ಮನೆಯವರು ಅಂತ್ರ ಕಟ್ಟಿಸಿದರು, ಹರಕೆ ಹೊತ್ತರು, ಕಡೆಗೆ ದೊಡ್ಡಾಸ್ಪತ್ರೆಗೆ ಸೇರಿಸಿದರು. ಅಲ್ಲಿ ಅವನು ತೀರಿಕೊಂಡ. ಅವಳ ರಕ್ತ ಪರೀಕ್ಷೆ ಮಾಡಿದಾಗ ಅವಳಿಗೂ ಸೋಂಕು ಇದೆ ಎಂದು ಗೊತ್ತಾಯಿತು. ಈ ಸುದ್ದಿಯನ್ನು ಒಳಗೆ ಕೂರಿಸಿ ಹೇಳುವ ಬದಲು, ನಾಲ್ಕು ಜನ ನಿಂತಿದ್ದ ವರಾಂಡದಲ್ಲಿ ಗಟ್ಟಿಯಾಗಿ ಹೇಳಿಬಿಟ್ಟರು. ಮೈದುನ ಅಲ್ಲೇ ನಿಂತಿದ್ದ. ಮಣ್ಣು ಕೊಟ್ಟು ಮೂರು ದಿನ ಕಳೆಯುವ ಮೊದಲೇ, ನೀನೇ ನಮ್ಮ ಹುಡುಗನನ್ನು ತಿಂದೆ ಎಂದು ಹೇಳಿ ಅತ್ತೆಯ ಮನೆಯವರು ರಾತ್ರಿ ಹೊತ್ತು ಅವಳನ್ನು ಹೊಡೆದು, ಐದು ವರ್ಷದ ಹೆಣ್ಣುಮಗುವಿನ ಸಮೇತ ಹೊರಗೆ ಹಾಕಿದರು. ಅವಳು ತವರಿಗೆ ಬಂದಳು.

ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವಳು ನಮ್ಮ ಹಿಂದೆ ನಡೆದು ಬಂದು, ಹಾದಿಯಲ್ಲಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಅಣ್ಣಾ, ನಿನಗೊಬ್ಬನಿಗೇ ಹೇಳೀನಿ" ಎಂದಳು. ನಾವೇನು ಮಾಡಿದೆವು? ಆ ಶುಕ್ರವಾರದ ಮನೆ ಪ್ರಾರ್ಥನೆಯಲ್ಲಿ, ಒಳ್ಳೆಯದಾಗಲಿ ಎಂದೇ, ಅವಳ ಹೆಸರು ಹಿಡಿದು, ಇಂಥಾ ರೋಗದಿಂದ ನರಳುವ ಈ ಸಹೋದರಿಗಾಗಿ ಬೇಡೋಣ ಎಂದುಬಿಟ್ಟೆವು. ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸಿದರು. ಎದ್ದು ಮನೆಗೆ ಹೋದ ಮೇಲೆ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಒಂದು ವಾರದೊಳಗೆ ಬೋರಿಂಗಿನ ಹತ್ತಿರ ಅವಳ ಬಿಂದಿಗೆಯನ್ನು ಕಾಲಿನಿಂದ ಸರಿಸಿದರು. ಮಗುವನ್ನು ಮಧ್ಯಾಹ್ನದ ಊಟಕ್ಕೆ ಬೇರೆ ಕೂರಿಸಿದರು. ಕೂಲಿಗೆ ಕರೆಯುವ ಮೇಸ್ತ್ರಿ ಅವಳ ಮನೆಯ ಮುಂದೆ ನಿಲ್ಲದೆ ಹೋದ.

ಪ್ರಿಯರೇ, ದೇವರ ಮುಂದೆ ಅವಳ ಹೆಸರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಜನರ ಮುಂದೆ ಹೇಳಿದ್ದು ತಪ್ಪು. ಆ ಹೆಸರು ನಮ್ಮದಾಗಿರಲಿಲ್ಲ. ಅವಳು ನಮ್ಮ ಕೈಯಲ್ಲಿ ಇಟ್ಟು ಹೋಗಿದ್ದ ಒತ್ತೆ ಅದು. ಒತ್ತೆ ಇಟ್ಟ ಒಡವೆಯನ್ನು ಮಾರಿದವನನ್ನು ನಾವು ಕಳ್ಳನೆನ್ನುತ್ತೇವೆ.

ಅವಳು ಆ ವರ್ಷವೇ ಮಗುವನ್ನು ಕರೆದುಕೊಂಡು ಒಂದು ಗುಂಪಿನ ಜೊತೆ ಕಾಫಿ ತೋಟಕ್ಕೆ ಹೋದಳು. ಅಲ್ಲಿ ಯಾರಿಗೂ ಗೊತ್ತಿಲ್ಲವೆಂಬ ಒಂದೇ ಸಮಾಧಾನ. ಆದರೆ ತೋಟದ ಲೈನು ನಿಮಗೆ ಗೊತ್ತಿರುವಂಥದ್ದೇ. ಒಂದು ಕೋಣೆಯಲ್ಲಿ ಎರಡು ಸಂಸಾರ, ನಡುವೆ ಸೀರೆಯ ತೆರೆ. ಮಾತ್ರೆಯ ಡಬ್ಬಿಯನ್ನು ಎಲ್ಲಿಡುವುದು? ಯಾರ ಕಣ್ಣು ತಪ್ಪಿಸಿ ನುಂಗುವುದು? ಅವಳು ಅದನ್ನು ಅಕ್ಕಿಯ ಡಬ್ಬದ ತಳದಲ್ಲಿ ಹೂತಿಟ್ಟಳು. ಮೊದಲು ಒಂದು ದಿನ ತಪ್ಪಿತು, ಆಮೇಲೆ ವಾರ ತಪ್ಪಿತು, ಕಡೆಗೆ ಡಬ್ಬಿ ಅಲ್ಲೇ ಉಳಿಯಿತು. ಬೇಸಗೆಗೆ ಊರಿಗೆ ಬಂದಾಗ ಅವಳ ಮೈಯಲ್ಲಿ ಎಲುಬು ಮಾತ್ರ ಇತ್ತು.

ಆಗ ನಾವು ಏನು ಮಾಡಿದೆವು? ಬೈದೆವು. ಸರ್ಕಾರ ಬಿಟ್ಟಿ ಮಾತ್ರೆ ಕೊಡುತ್ತದೆ, ನುಂಗಲು ನಿನಗೇನು ಧಾಡಿ, ಮಗುವಿನ ಮುಖವನ್ನಾದರೂ ನೋಡಬಾರದೇ ಎಂದೆವು. ಅವಳು ಗೋಡೆಗೆ ಮುಖ ಮಾಡಿ ಕೂತಳು. ಬಹಳ ಹೊತ್ತಿನ ಮೇಲೆ ಒಂದು ಮಾತು ಹೇಳಿದಳು: "ಆ ಗುಳಿಗಿ ಕೈಯಾಗ ಹಿಡಿದ್ರ, ಆ ರಾತ್ರಿ ಬರ್ತೈತಣ್ಣಾ."

ಆ ಮಾತಿನ ಅರ್ಥ ನಮಗೆ ಆ ದಿನ ತಿಳಿಯಲಿಲ್ಲ. ಈಗ ತಿಳಿದಷ್ಟನ್ನು ಹೇಳುತ್ತೇವೆ.

ಮೈಗೆ ಆಗುವ ಗಾಯದಂತೆ ಮನಸ್ಸಿಗೂ ಗಾಯವಾಗುತ್ತದೆ. ಹೊಡೆತ, ಬಲಾತ್ಕಾರ, ಮನೆಯಿಂದ ಹೊರಗೆ ದೂಡುವುದು, ಕಣ್ಣೆದುರಿನ ಸಾವು, ನಾಲ್ಕು ಜನರ ಮುಂದೆ ಆಗುವ ಅವಮಾನ ಇವೆಲ್ಲ ಅಂಥ ಗಾಯ ಮಾಡುತ್ತವೆ. ಗಾಯ ಮಾಡಿದ ದಿನ ಕಳೆದುಹೋದರೂ ಆ ಹೆಂಗಸಿನ ಮೈ ಅದನ್ನು ಕಳೆದುಹೋಯಿತೆಂದು ನಂಬುವುದಿಲ್ಲ. ಬಾಗಿಲು ಬಡಿದ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ. ನಿದ್ದೆ ಬರುವುದಿಲ್ಲ, ಬಂದರೆ ಕೆಟ್ಟ ಕನಸು. ಅಡುಗೆ ಮಾಡುತ್ತಾ ಕೂತವಳು ಒಲೆ ಆರಿದರೂ ಅರಿವಿಲ್ಲದೆ ಕೂತಿರುತ್ತಾಳೆ. ಸುದ್ದಿ ಕೇಳಿದ ಆಸ್ಪತ್ರೆಯ ಮೆಟ್ಟಿಲು ಕಂಡರೆ ಕಾಲು ನಡುಗುತ್ತದೆ, ಆದ್ದರಿಂದ ಅವಳು ಆ ಕಡೆಗೇ ಹೋಗುವುದಿಲ್ಲ. ನಾವು ಇದನ್ನು ಸೋಮಾರಿತನ ಎನ್ನುತ್ತೇವೆ, ಅಹಂಕಾರ ಎನ್ನುತ್ತೇವೆ, ದೆವ್ವ ಹಿಡಿದಿದೆ ಎನ್ನುತ್ತೇವೆ, ನಮ್ಮಂಥ ಉಪದೇಶಿಗಳಾದರೆ ವಿಶ್ವಾಸ ಸಾಲದು ಎನ್ನುತ್ತೇವೆ. ಇದರಲ್ಲಿ ಒಂದೂ ನಿಜವಲ್ಲ. ಅದು ಗಾಯ. ಗಾಯಗೊಂಡವರನ್ನು ಬೈದರೆ ಗಾಯ ಮಾಯುವುದಿಲ್ಲ.

ಇದು ನಮ್ಮ ಕಡೆಯ ಒಬ್ಬ ತಂಗಿಯ ಕಥೆ ಮಾತ್ರ ಎಂದು ತಿಳಿಯಬೇಡಿರಿ. 2012ರಲ್ಲಿ ಅಮೆರಿಕ ದೇಶದ ವೈದ್ಯರು ಅಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಎಚ್.ಐ.ವಿ. ಇರುವ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡನಿಂದಲೋ ಜೊತೆಗಾರನಿಂದಲೋ ಹಿಂಸೆ ಅನುಭವಿಸಿದ್ದವರು. ಹತ್ತರಲ್ಲಿ ಮೂವರಿಗೆ ನಾವು ಈಗ ಹೇಳಿದ ಮನಸ್ಸಿನ ಗಾಯದ ಕಾಯಿಲೆ ಇತ್ತು. ಅಷ್ಟು ಸಿರಿವಂತ ದೇಶದಲ್ಲಿಯೇ ಹೀಗಾದರೆ, ಕೂಲಿ ತಪ್ಪಿದ ದಿನ ಒಲೆಯೂ ತಪ್ಪುವ ನಮ್ಮ ಹೆಣ್ಣುಮಕ್ಕಳ ಪಾಡೇನು?

ಈಗ ರೋಗದ ವಿಷಯ ನಾಲ್ಕು ಮಾತು. ತಿಳಿದವರು ಇನ್ನೊಮ್ಮೆ ಕೇಳಿರಿ, ತಿಳಿಯದವರು ಮನಸ್ಸಿನಲ್ಲಿಟ್ಟುಕೊಳ್ಳಿರಿ.

ನಮ್ಮ ದೇಶದಲ್ಲಿ ಎಚ್.ಐ.ವಿ. ಇದೆಯೆಂದು ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. 2023ರ ಅಂದಾಜಿನ ಪ್ರಕಾರ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಈ ಸೋಂಕಿನೊಂದಿಗೆ ಬದುಕುತ್ತಿದ್ದಾರೆ. ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಹೆಂಗಸರು. ಸೋಂಕು ಹರಡುವುದು ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕದಿಂದ, ಸೋಂಕಿನ ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚುವುದರಿಂದ, ಮತ್ತು ಮದ್ದಿಲ್ಲದಿದ್ದರೆ ತಾಯಿಯಿಂದ ಮಗುವಿಗೆ. ಒಂದೇ ಬಿಂದಿಗೆಯ ನೀರಿನಿಂದ ಹರಡುವುದಿಲ್ಲ. ಒಂದೇ ತಟ್ಟೆ, ಒಂದೇ ಕಂಬಳಿ, ಒಂದೇ ಕಕ್ಕಸು, ಸೊಳ್ಳೆ, ಕೆಮ್ಮು, ಮುಟ್ಟುವುದು, ಅಪ್ಪುವುದು ಇವು ಯಾವುದರಿಂದಲೂ ಹರಡುವುದಿಲ್ಲ. ಬೋರಿಂಗಿನ ಹತ್ತಿರ ಬಿಂದಿಗೆ ಸರಿಸಿದವರು ತಮ್ಮನ್ನು ಯಾವ ರೋಗದಿಂದಲೂ ಕಾಪಾಡಿಕೊಳ್ಳಲಿಲ್ಲ, ಒಬ್ಬಳ ಎದೆಯನ್ನು ಒಡೆದರು, ಅಷ್ಟೇ.

ಮದ್ದು ಇದೆ. 2004ರ ಏಪ್ರಿಲ್ 1ರಿಂದ ಸರ್ಕಾರ ಎ.ಆರ್.ಟಿ. ಮಾತ್ರೆಗಳನ್ನು ಉಚಿತವಾಗಿ ಕೊಡಲು ಆರಂಭಿಸಿತು. ಮೊದಲು ಆರಿಸಿದ ಆರು ರಾಜ್ಯಗಳಲ್ಲಿ ಆಂಧ್ರವೂ ಕರ್ನಾಟಕವೂ ಇದ್ದವು. ಹಿಂದೆ ರಕ್ತದಲ್ಲಿ ಶಕ್ತಿ ಇಳಿಯುವವರೆಗೆ ಕಾಯಿಸುತ್ತಿದ್ದರು. 2017ರಿಂದ ಹಾಗಿಲ್ಲ, ಸೋಂಕು ಇದೆಯೆಂದು ತಿಳಿದ ಎಲ್ಲರಿಗೂ ಮಾತ್ರೆ ಕೊಡುತ್ತಾರೆ. ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ತಪ್ಪದೆ ನುಂಗಿದರೆ ಹೆಚ್ಚಿನವರಲ್ಲಿ ಆರು ತಿಂಗಳೊಳಗೆ ರಕ್ತದಲ್ಲಿರುವ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದು ಹಾಗೆಯೇ ನಿಂತವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಸೋಂಕು ಹೋಗುವುದಿಲ್ಲ. ಮದ್ದಿಲ್ಲದಿದ್ದರೆ ಸೋಂಕಿನ ತಾಯಂದಿರಿಗೆ ಹುಟ್ಟಿದ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುವ ಸಂಭವ. ತಾಯಿಗೂ ಮಗುವಿಗೂ ಸರಿಯಾದ ಮದ್ದು ಸಿಕ್ಕರೆ ಅದು ನೂರಕ್ಕೆ ಐದಕ್ಕಿಂತ ಕಡಿಮೆಗೆ ಇಳಿಯುತ್ತದೆ. ಕರ್ನೂಲಿನ ದೊಡ್ಡಾಸ್ಪತ್ರೆಯಲ್ಲಿ ಎ.ಆರ್.ಟಿ. ಕೇಂದ್ರ ಇದೆ, ಬಳ್ಳಾರಿಯಲ್ಲಿಯೂ ಇದೆ.

ಹಾಗಾದರೆ ಈ ದಿನಗಳಲ್ಲಿಯೂ ನಮ್ಮ ತಂಗಿಯರು ಏಕೆ ಸಾಯುತ್ತಾರೆ? ಮದ್ದಿನ ಡಬ್ಬಿ ಮನೆಯಲ್ಲೇ ಇರುತ್ತದೆ. ಡಬ್ಬಿಯಿಂದ ಬಾಯಿಗೆ ಒಂದು ಗೇಣು ದೂರ. ಆ ಒಂದು ಗೇಣಿನ ನಡುವೆ ಆ ರಾತ್ರಿ, ಆ ವರಾಂಡ, ಆ ಬಿಂದಿಗೆ, ಮತ್ತು ನಾವು ಮಾಡಿದ ಆ ಪ್ರಾರ್ಥನೆ, ಇವೆಲ್ಲ ಅಡ್ಡ ನಿಂತಿರುತ್ತವೆ. ಅದನ್ನು ದಾಟಿಸುವವರು ಯಾರು? ಅದೇ ಹೊಳೆಯನ್ನು ದಾಟಿ ಬಂದ ಇನ್ನೊಬ್ಬ ಹೆಂಗಸು. ಇದನ್ನೇ ನಾವು ಈ ಹೊತ್ತು ಹೇಳಲು ಬಂದದ್ದು.

ನಮ್ಮ ತಂಗಿಯ ಕಥೆಯನ್ನೇ ಮುಂದುವರಿಸುತ್ತೇವೆ. ಬೈದು ಸೋತ ಮೇಲೆ ನಾವು ಆಸ್ಪತ್ರೆಯ ಆಪ್ತ ಸಮಾಲೋಚಕಿಯ ಹತ್ತಿರ ಹೋದೆವು. ಈ ಸಲ ಹೆಸರು ಹೇಳಲಿಲ್ಲ. ಇಂಥಾ ಒಬ್ಬ ತಂಗಿ ಇದ್ದಾಳೆ, ಅವಳ ಜೊತೆ ಕೂರಲು ಯಾರಾದರೂ ಇದ್ದಾರೆಯೇ ಎಂದಷ್ಟೇ ಕೇಳಿದೆವು. ಆದೋನಿ ಕಡೆಯ ಒಬ್ಬ ಅಕ್ಕ ಇದ್ದಾಳೆ, ಹತ್ತು ವರ್ಷಕ್ಕೂ ಮೇಲಾಯಿತು ಮಾತ್ರೆ ನುಂಗುತ್ತಿದ್ದಾಳೆ, ತನ್ನಂಥವರ ಮನೆಗೆ ಹೋಗಿ ಬರುತ್ತಾಳೆ ಎಂದು ಅವರು ಹೇಳಿದರು. ನಾವು ತಿರುಗಿ ಬಂದು ತಂಗಿಯನ್ನೇ ಕೇಳಿದೆವು: ಒಬ್ಬಾಕೆ ಬರಲೇನವ್ವಾ? ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಎರಡು ದಿನ ಬಿಟ್ಟು, ಬಂದ್ರ ಬರಲಿ ಎಂದಳು.

ಆ ಅಕ್ಕ ರೈಲಿನಲ್ಲಿ ಆಸ್ಪರಿಗೆ ಬಂದು, ಅಲ್ಲಿಂದ ಆಟೋ ಹಿಡಿದು ಬಂದಳು. ನಾವು ದೊಡ್ಡ ಉಪದೇಶ ಆಗುತ್ತದೆಂದು ಕಾದಿದ್ದೆವು. ಅವಳು ಉಪದೇಶ ಮಾಡಲಿಲ್ಲ. ಮೊದಲನೆಯ ದಿನ ಜಗಲಿಯ ಮೇಲೆ ಕೂತು, "ಉಂಡೀ ಏನವ್ವಾ?" ಎಂದು ಕೇಳಿದಳು. ಮೊರದಲ್ಲಿದ್ದ ಶೇಂಗಾ ಸುಲಿದು ಕೊಟ್ಟಳು. ಮಗುವಿನ ತಲೆ ಬಾಚಿ ಜಡೆ ಹಾಕಿದಳು. ಹೊರಟುಹೋದಳು. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಬಂದಾಗ ಸಂಜೆಯಾಗಿತ್ತು. "ತಂಗೀ, ಒಂದು ಚೊಂಬು ನೀರು ಕೊಡು" ಎಂದಳು. ಆ ಮನೆಯ ನೀರನ್ನು ಊರಿನಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ನೀರು ಬಂತು. ಅಕ್ಕ ತನ್ನ ಚೀಲದಿಂದ ಡಬ್ಬಿ ತೆಗೆದು, ಒಂದು ಮಾತ್ರೆ ಅಂಗೈಯಲ್ಲಿಟ್ಟು ತೋರಿಸಿ, ಬಾಯಿಗೆ ಹಾಕಿಕೊಂಡು, ಆ ಚೊಂಬಿನ ನೀರು ಕುಡಿದಳು. "ನನ್ನೂ ಹೊಡೆದು ಹೊರಗ ಹಾಕಿದ್ರವ್ವಾ, ದೀಪಾವಳಿ ಮಾರನೇ ದಿನ" ಎಂದಳು. ಅಷ್ಟೇ ಮಾತು.

ಇದನ್ನೆಲ್ಲ ಆ ತಂಗಿಯೇ ಬಹಳ ದಿನಗಳ ಮೇಲೆ ನಮಗೆ ಹೇಳಿದ್ದು. ಬೇರೆಯವರಿಗೂ ಹೇಳಲು ಒಪ್ಪಿಗೆಯನ್ನೂ ಕೊಟ್ಟಿದ್ದಾಳೆ, ಹೆಸರೂ ಊರೂ ಬೇಡವೆಂದು ಕಟ್ಟು ಮಾಡಿ. ಆ ಸಂಜೆ ಅವಳು ಒಳಗೆ ಹೋಗಿ ತನ್ನ ಡಬ್ಬಿಯನ್ನು ತಂದಳಂತೆ. ಮಾತ್ರೆಗಳ ವಾಯಿದೆ ತೀರಿತ್ತು. ಬರುವ ಸೋಮವಾರ ಇಬ್ಬರೂ ಕರ್ನೂಲಿನ ಬಸ್ಸು ಹತ್ತಿದರು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ಅವಳ ಕಾಲು ನಿಂತಿತು. ಅಕ್ಕ ಕೈ ಹಿಡಿದು ಎಳೆಯಲಿಲ್ಲ, ಪಕ್ಕದಲ್ಲಿ ತಾನೂ ಮೆಟ್ಟಿಲ ಮೇಲೆ ಕೂತಳು. ಅರ್ಧ ತಾಸು ಕೂತರಂತೆ. ಆಮೇಲೆ ಎದ್ದು ಒಳಗೆ ಹೋದರು.

ನಾವು ವರ್ಷಗಟ್ಟಲೆ ವೇದ ಓದಿ ಹೇಳುವವರು. ಆದರೆ ರೂತಳ ಕಥೆಯ ಅರ್ಥ ನಮಗೆ ಆ ದಿನ ಆಯಿತು. ನವೊಮಿಯೂ ವಿಧವೆ, ರೂತಳೂ ವಿಧವೆ. ಬರಗಾಲಕ್ಕೆ ಊರು ಬಿಟ್ಟು ಹೋದ ಸಂಸಾರ ಅದು, ನಮ್ಮ ಹಾಗೆ. ನವೊಮಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಮಣ್ಣು ಮಾಡಿ, ಬರಿಗೈಯಲ್ಲಿ ಊರಿಗೆ ತಿರುಗಿ ಬಂದಾಗ, ನನ್ನ ಬಾಳು ಕಹಿಯಾಯಿತು ಎಂದು ಊರ ಹೆಂಗಸರ ಮುಂದೆ ಬಾಯಿಬಿಟ್ಟು ಹೇಳಿಕೊಂಡಳು. ರೂತಳು ಆಗ ಹಾಗೆನ್ನಬಾರದು ಅತ್ತೆ, ವಿಶ್ವಾಸ ಇಡಬೇಕು ಎಂದು ಬುದ್ಧಿ ಹೇಳಿದಳೆಂದು ಎಲ್ಲಿಯೂ ಬರೆದಿಲ್ಲ. ಅವಳು ಜೊತೆಗೆ ನಡೆದಳು, ಹೊಲದಲ್ಲಿ ಹಕ್ಕಲು ಆಯ್ದು ತಂದು ಉಣ್ಣಲು ಕೊಟ್ಟಳು. ಕಹಿಯನ್ನು ಕಂಡವಳೇ ಕಹಿಯಾದವಳ ಪಕ್ಕದಲ್ಲಿ ಕೂತಳು.

ಇದು ಬೇರೆ ಕಡೆಗಳಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿರುವ ಕೆಲಸ. ತಮಿಳುನಾಡಿನ ನಾಮಕ್ಕಲ್ ಕಡೆಯ ಪಿ. ಕೌಸಲ್ಯಾ ಎಂಬವರು ಲಾರಿ ಡ್ರೈವರನ ಹೆಂಡತಿ. ಮದುವೆಯಾದ ಸ್ವಲ್ಪ ಕಾಲದಲ್ಲೇ ಗಂಡನಿಂದ ತನಗೂ ಸೋಂಕು ಬಂದದ್ದು ತಿಳಿಯಿತು. ಅವರು ತಮ್ಮಂಥ ಕೆಲವು ಹೆಂಗಸರನ್ನು ಕೂಡಿಸಿಕೊಂಡು 1998ರಲ್ಲಿ ಚೆನ್ನೈಯಲ್ಲಿ ಪಾಸಿಟಿವ್ ವಿಮೆನ್ ನೆಟ್‌ವರ್ಕ್ ಎಂಬ ಸಂಘ ಕಟ್ಟಿದರು. ಆಗ ಬಡವರಿಗೆ ಮಾತ್ರೆ ಎಂಬುದೇ ಇರಲಿಲ್ಲ. ಕೊಡಲು ಕೈಯಲ್ಲಿ ಏನೂ ಇಲ್ಲದ ಆ ಹೆಂಗಸರು ಒಬ್ಬರಿಗೊಬ್ಬರು ತಮ್ಮನ್ನೇ ಕೊಟ್ಟುಕೊಂಡರು. 2001ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಸೋಂಕಿರುವ ತಾಯಂದಿರನ್ನೇ ಸಂಬಳ ಕೊಟ್ಟು ನೇಮಿಸಿ, ಹೊಸದಾಗಿ ಸುದ್ದಿ ತಿಳಿದ ಬಸುರಿಯರ ಪಕ್ಕದಲ್ಲಿ ಕೂರಿಸುವ ಕೆಲಸ ಆರಂಭವಾಯಿತು. ಅದು ಆಫ್ರಿಕದ ಬೇರೆ ದೇಶಗಳಿಗೂ ಹಬ್ಬಿತು. ನಮ್ಮದೇ ಆಂಧ್ರದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಸೋಂಕಿರುವ ತಾಯಂದಿರ ಮನೆಗೆ ಕಳಿಸಿ, ಆಸ್ಪತ್ರೆಗೆ ಜೊತೆ ಹೋಗುವಂತೆ ಮಾಡಿ ನೋಡಿದರು. ಆ ತಾಯಂದಿರು ಮಾತ್ರೆ ತಪ್ಪಿಸುವುದು ಕಡಿಮೆಯಾಯಿತು, ಮನಸ್ಸಿನ ಭಾರವೂ ಇಳಿಯಿತು.

ಈಗ ನಾವು ಮಾಡಬಹುದಾದದ್ದೇನು? ಲೈನಿನಲ್ಲಾಗಲಿ ಹಳ್ಳಿಯಲ್ಲಾಗಲಿ, ಇಂಥ ತಂಗಿಯರು ನಾಲ್ಕೈದು ಜನ ಕೂಡಿ ಕೂರಲು ಬಯಸಿದರೆ, ನಾವು ಕಲಿತ ಕಟ್ಟಳೆಗಳನ್ನು ಹೇಳುತ್ತೇವೆ.

ಮೊದಲನೆಯದು, ಅದು ಅವರ ಕೂಟ. ನಮ್ಮಂಥ ಗಂಡಸರು, ಉಪದೇಶಿಗಳು, ಯೂನಿಯನ್ನಿನವರು ಒಳಗೆ ಕೂರಬಾರದು. ನಮ್ಮ ಕೆಲಸ ಜಾಗ ಮಾಡಿಕೊಡುವುದು, ಬಸ್ಸಿನ ಖರ್ಚು ಹೊಂದಿಸುವುದು, ಮಕ್ಕಳನ್ನು ನೋಡಿಕೊಳ್ಳುವುದು.

ಎರಡನೆಯದು, ಬಾಗಿಲಿಗೆ ರೋಗದ ಹೆಸರಿನ ಹಲಗೆ ಬೇಡ. ಹೊಲಿಗೆ ಕಲಿಯುವ ಕೂಟವಿರಲಿ, ಉಳಿತಾಯದ ಗುಂಪಿರಲಿ, ನೋಡುವವರ ಕಣ್ಣಿಗೆ ಹತ್ತರಲ್ಲಿ ಹನ್ನೊಂದಾಗಿ ಕಾಣಲಿ. ಮಾತ್ರೆ ತರುವ ದಿನವೇ ಆಸ್ಪತ್ರೆಯ ಹತ್ತಿರ ಎಲ್ಲಾದರೂ ಕೂತರೆ ಒಂದು ದಿನದ ಕೂಲಿಯೂ ಉಳಿಯುತ್ತದೆ.

ಮೂರನೆಯದು, ನಿನಗೆ ಹೇಗೆ ಬಂತು ಎಂದು ಯಾರೂ ಯಾರನ್ನೂ ಕೇಳಬಾರದು. ಹೇಳುವವಳು ತಾನಾಗಿ ಹೇಳಲಿ, ಎಷ್ಟು ಬೇಕೋ ಅಷ್ಟೇ ಹೇಳಲಿ. ಸುಮ್ಮನೆ ಕೂರಬೇಕೆಂದರೆ ಸುಮ್ಮನೆ ಕೂರಲಿ. ಹಳೆಯ ಗಾಯವನ್ನು ಬಲವಂತವಾಗಿ ಬಿಚ್ಚಿಸಿದರೆ ಅದು ಇನ್ನೊಂದು ಹೊಡೆತವಾಗುತ್ತದೆ.

ನಾಲ್ಕನೆಯದು, ಅಲ್ಲಿ ಕೇಳಿದ್ದು ಅಲ್ಲೇ ಇರಲಿ. ಗಂಡನಿಗೂ ಹೇಳಬಾರದು, ಗುರುಗಳಿಗೂ ಹೇಳಬಾರದು, ಪ್ರಾರ್ಥನೆಯಲ್ಲಿಯೂ ಹೇಳಬಾರದು. ಈ ಕಟ್ಟಳೆಯನ್ನು ನಾವು ದುಬಾರಿ ಬೆಲೆ ಕೊಟ್ಟು ಕಲಿತೆವು. ಆ ಬೆಲೆ ಕೊಟ್ಟವಳು ನಾವಲ್ಲ, ಅವಳು.

ಐದನೆಯದು, ಪಕ್ಕದಲ್ಲಿ ಕೂರುವ ಅಕ್ಕನಿಗೂ ಗಾಯವಿದೆ. ಹತ್ತು ಜನರ ದುಃಖ ಹೊತ್ತವಳ ದುಃಖ ಕೇಳಲು ಒಬ್ಬರು ಬೇಕು. ಅವಳ ದಿನಗೂಲಿ ಹೋಗಬಾರದು. ಸೇವೆಯೆಂಬ ಹೆಸರಿನಲ್ಲಿ ಬಡವಳನ್ನು ಬಿಟ್ಟಿ ದುಡಿಸಿದರೆ ಅದೂ ಶೋಷಣೆಯೇ. ಯೂನಿಯನ್ನಿನವರು ಇದನ್ನು ಮರೆಯಬಾರದು.

ಆರನೆಯದು, ಸಾಯುವ ಮಾತಾಡುವವಳು, ಉಣ್ಣುವುದನ್ನೇ ಬಿಟ್ಟವಳು, ಮನೆಯಲ್ಲಿ ಈಗಲೂ ಹೊಡೆತ ತಿನ್ನುತ್ತಿರುವವಳು ಇದ್ದರೆ ಗೆಳತಿಯೊಬ್ಬಳೇ ಸಾಲದು, ವೈದ್ಯರೂ ಬೇಕು, ಕಾನೂನೂ ಬೇಕು. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416, ಹೊಡೆತ ಬಡಿತಕ್ಕೆ ಮಹಿಳಾ ಸಹಾಯವಾಣಿ 181, ಎಚ್.ಐ.ವಿ. ವಿಷಯಕ್ಕೆ 1097. ಈ ಮೂರು ನಂಬರುಗಳನ್ನು ಮಕ್ಕಳ ಪಾಠದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿರಿ.

ವಲಸೆ ಹೋಗುವವರಿಗೆ ಇನ್ನೊಂದು ಮಾತು. ಸುಗ್ಗಿಗೋ ತೋಟಕ್ಕೋ ಹೊರಡುವ ಮೊದಲು ಎ.ಆರ್.ಟಿ. ಕೇಂದ್ರದಲ್ಲಿ ಎಲ್ಲಿಗೆ ಹೋಗುತ್ತೀರಿ, ಎಷ್ಟು ತಿಂಗಳು ಎಂದು ಹೇಳಿರಿ. ಹೋಗುವ ಕಡೆಯ ಕೇಂದ್ರದಲ್ಲಿ ಮಾತ್ರೆ ಸಿಗುವಂತೆ ಬರೆದು ಕೊಡುತ್ತಾರೆ. ಹೇಳದೆ ಹೊರಟರೆ ಡಬ್ಬಿ ಖಾಲಿಯಾದ ದಿನ ಮದ್ದೂ ನಿಲ್ಲುತ್ತದೆ.

ಕಾನೂನಿನ ವಿಷಯ ತೋಟದ ಯೂನಿಯನ್ನಿನ ಬಂಧುಗಳು ಚೆನ್ನಾಗಿ ತಿಳಿಯಬೇಕು. 2017ರಲ್ಲಿ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ ಆಯಿತು, 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಅದರಂತೆ ಸೋಂಕಿದೆ ಎಂಬ ಕಾರಣಕ್ಕೆ ಅನ್ಯಾಯವಾಗಿ ಕೆಲಸದಿಂದ ತೆಗೆಯುವ ಹಾಗಿಲ್ಲ. ಕೆಲಸ ಕೊಡುವ ಮೊದಲು ಈ ಪರೀಕ್ಷೆ ಮಾಡಿಸಿಕೊಂಡು ಬಾ ಎನ್ನುವ ಹಾಗಿಲ್ಲ. ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹಾಕುವ ಹಾಗಿಲ್ಲ. ಹೆಂಗಸನ್ನೂ ಮಕ್ಕಳನ್ನೂ ಅವರು ಕೂಡಿ ಬಾಳುತ್ತಿದ್ದ ಮನೆಯಿಂದ ಹೊರಗೆ ಹಾಕುವ ಹಾಗಿಲ್ಲ. ನೂರು ಜನರಿಗಿಂತ ಕಡಿಮೆಯಿಲ್ಲದ ಪ್ರತಿಯೊಂದು ಸಂಸ್ಥೆಯಲ್ಲಿ ಇಂಥ ದೂರು ಕೇಳಲು ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು. ನಿಮ್ಮ ತೋಟದಲ್ಲಿ ಅಷ್ಟು ಜನರಿದ್ದರೆ, ಆ ಅಧಿಕಾರಿ ಯಾರು ಎಂದು ಯೂನಿಯನ್ನು ಮ್ಯಾನೇಜರರನ್ನು ಕೇಳಲಿ. ಯಾರಿಗಾಗಿ ಕೇಳುತ್ತೀರಿ ಎಂದು ಅವರು ಕೇಳಿದರೆ, ಎಲ್ಲರಿಗಾಗಿ ಎಂದು ಹೇಳಿರಿ. ಒಬ್ಬಳ ಹೆಸರನ್ನೂ ಬಾಯಿಗೆ ತರಬೇಡಿರಿ.

ಆಂಧ್ರದಲ್ಲಿ ಮನೆ ಇರುವವರಿಗೆ, ಆರು ತಿಂಗಳು ಬಿಡದೆ ಎ.ಆರ್.ಟಿ. ಪಡೆದಿದ್ದರೆ, ಸರ್ಕಾರದ ಪಿಂಚಣಿ ಇದೆ. 2024ರಿಂದ ಅದು ತಿಂಗಳಿಗೆ 4,000 ರೂಪಾಯಿ. ಗುಟ್ಟು ಹೊರಗೆ ಬೀಳುತ್ತದೆಂಬ ಭಯಕ್ಕೆ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಅಂಥವರ ಜೊತೆ ಸಮಾಲೋಚಕಿಯ ಹತ್ತಿರ ಹೋಗಿ ದಾರಿ ಕೇಳಲು ಕೂಡ ಒಬ್ಬ ಅಕ್ಕ ಬೇಕು.

ಮುಗಿಸುತ್ತೇವೆ. ಆ ತಂಗಿಗೆ ಏನಾಯಿತೆಂದು ನೀವು ಕೇಳುವಿರಿ. ಅದ್ಭುತ ಏನೂ ನಡೆಯಲಿಲ್ಲ. ಅವಳು ಮಾತ್ರೆ ನುಂಗುತ್ತಾಳೆ, ಕೂಲಿಗೆ ಹೋಗುತ್ತಾಳೆ. ಮಗಳಿಗೆ ಸೋಂಕಿಲ್ಲ, ಶಾಲೆಗೆ ಹೋಗುತ್ತಾಳೆ. ಕೆಲವು ರಾತ್ರಿ ಈಗಲೂ ನಿದ್ದೆ ಬರುವುದಿಲ್ಲವಂತೆ. ಅತ್ತೆಯ ಮನೆಯವರು ಈಗಲೂ ಅವಳ ಮುಖ ನೋಡುವುದಿಲ್ಲ. ನಮ್ಮನ್ನು ಅವಳು ಕ್ಷಮಿಸಿದ್ದಾಳೆಯೋ ಇಲ್ಲವೋ ನಾವು ಕೇಳಿಲ್ಲ. ಕೇಳಿ ಕ್ಷಮೆಯನ್ನು ವಸೂಲು ಮಾಡುವ ಹಕ್ಕು ನಮಗಿಲ್ಲ. ಆದರೆ ಹೋದ ವರ್ಷ ಒಂದು ದಿನ ಅವಳು ಆಸ್ಪರಿ ಸ್ಟೇಷನ್ನಿನಲ್ಲಿ ಕಂಡಳು. ಎಲ್ಲಿಗವ್ವಾ ಎಂದೆವು. ಒಬ್ಬಾಕಿ ಮನಿಗೆ, ಆಕಿ ಮಾತ್ರಿ ಬಿಟ್ಟಾಳಂತ ಎಂದಳು. ಯಾರೆಂದು ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವಳ ಕೈಚೀಲದಲ್ಲಿ ಶೇಂಗಾ ಇತ್ತು, ಅದರ ಕೆಳಗೆ ಅವಳ ಡಬ್ಬಿ ಇದ್ದಿರಬೇಕು.

ಈಗಲೂ ನಾವು ಶುಕ್ರವಾರದ ಕೂಟದಲ್ಲಿ ಕಷ್ಟದಲ್ಲಿರುವವರಿಗಾಗಿ ಬೇಡುತ್ತೇವೆ. ಹೆಸರು ಹೇಳುವ ಜಾಗ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿರುತ್ತೇವೆ. ಯಾರ ಹೆಸರೆಂದು ದೇವರಿಗೆ ಗೊತ್ತಿದೆ. ಈ ರಾತ್ರಿಯೂ ಹಾಗೆಯೇ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಎದ್ದು ಮನೆಗೆ ಹೋಗೋಣ. ನಾಳೆ ಬೋರಿಂಗಿನ ಹತ್ತಿರ ಯಾರ ಬಿಂದಿಗೆ ಮೊದಲು ಬಂದಿದೆಯೋ ಅದೇ ಮೊದಲು ತುಂಬಲಿ.